ಮಿಥ್ಯಾಪ್ರವಾಸ: ವಿದೇಶ ವ್ಯಾಸಂಗಕ್ಕೆ ಅದು ಬದಲಾಗಬಲ್ಲುದೆ?

೧

"ದೇಶ ಸುತ್ತು, ಇಲ್ಲವೆ ಕೋಶ ಓದು" ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಇದಕ್ಕೆ ಇನ್ನೊಂದು ಪಾಠವೂ ಉಂಟು: "ದೇಶ ಸುತ್ತಬೇಕು, ಕೋಶ ಓದಬೇಕು." ಎರಡು ಪಾಠಗಳಿಗೂ ಇರುವ ಅಂತರ ಒಂದು ಸಣ್ಣ ಪದದ್ದು, ಆದರೆ ಅರ್ಥದಲ್ಲಿ ಅದು ಅಲ್ಪವಾದ ಅಂತರವಲ್ಲ. ಮೊದಲನೆಯ ಪಾಠದಂತೆ ಸುತ್ತಾಟವೂ ಓದೂ ಒಂದಕ್ಕೊಂದು ಬದಲಾಗಬಲ್ಲವು. ದೇಶ ಸುತ್ತಲಾರದವನು ಕೋಶವನ್ನೋದಿ ಅದೇ ಫಲವನ್ನು ಪಡೆಯಬಹುದು. ಎರಡನೆಯ ಪಾಠದಂತೆ ಅವು ಬೇರೆ ಬೇರೆ ಫಲಗಳನ್ನು ಕೊಡುವ ಬೇರೆ ಬೇರೆ ಸಾಧನಗಳು. ಒಂದನ್ನು ಮಾಡಿದವನು ಇನ್ನೊಂದರ ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲ.

ಈ ಪ್ರಶ್ನೆ ಇಂದು ಹೊಸದೊಂದು ರೂಪದಲ್ಲಿ ನಮ್ಮ ಕಾಲೇಜುಗಳ ಮುಂದೆ ನಿಂತಿದೆ. ಅಂತರ್ಜಾಲದ ಮೂಲಕ ಕುಳಿತಲ್ಲಿಂದಲೇ ಪರದೇಶದ ಬೀದಿಗಳನ್ನು ನೋಡುವ, ಅಲ್ಲಿಯ ವಿದ್ಯಾರ್ಥಿಗಳೊಡನೆ ಸಂಭಾಷಿಸುವ, ಅವರೊಡನೆ ಕೂಡಿ ಪಾಠ ಕಲಿಯುವ ಅವಕಾಶ ಈಗ ಒದಗಿದೆ. ಇದನ್ನು ವಿದೇಶ ವ್ಯಾಸಂಗಕ್ಕೆ ಬದಲಾಗಿ ಸ್ವೀಕರಿಸಬಹುದೆ? ಸ್ವೀಕರಿಸುವುದಾದರೆ ಯಾವ ಅಂಶದಲ್ಲಿ, ಎಷ್ಟರ ಮಟ್ಟಿಗೆ? ಇದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಶ್ನೆಯ ಗಾತ್ರವನ್ನು ಮೊದಲು ಗಮನಿಸಬೇಕು. ಯುನೆಸ್ಕೋ ಸಂಸ್ಥೆಯ ಅಂಕಿ ಅಂಶಗಳಂತೆ ಪದವಿ ವ್ಯಾಸಂಗಕ್ಕಾಗಿ ಸ್ವದೇಶವನ್ನು ಬಿಟ್ಟು ಪರದೇಶದಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆ ೬೦ ಲಕ್ಷವನ್ನು ಮೀರಿದೆ. ಸಂಖ್ಯೆ ದೊಡ್ಡದಾಗಿ ಕಂಡರೂ ಜಗತ್ತಿನ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಇದು ನೂರಕ್ಕೆ ಮೂರರಷ್ಟೂ ಆಗುವುದಿಲ್ಲ. ಭಾರತದಲ್ಲಿ ೨೦೨೧-೨೨ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ೪.೩೩ ಕೋಟಿ ವಿದ್ಯಾರ್ಥಿಗಳಿದ್ದರು. ಇವರಲ್ಲಿ ಅತ್ಯಧಿಕ ಸಂಖ್ಯೆಯವರು ಎಂದೂ ಪರದೇಶದ ತರಗತಿಯಲ್ಲಿ ಕೂರುವವರಲ್ಲ. ಹಣದ ಕೊರತೆ, ವೀಸಾದ ತೊಡಕು, ಮನೆಯ ಹೊಣೆ, ದೇಹದ ಅನಾನುಕೂಲತೆ, ಹೆಣ್ಣುಮಕ್ಕಳ ವಿಷಯದಲ್ಲಿ ಹಿರಿಯರ ಹಿಂಜರಿಕೆ, ಹೀಗೆ ಕಾರಣಗಳು ಹಲವು. ಆದಕಾರಣ ನಾವು ವಿಚಾರ ಮಾಡಬೇಕಾದುದು ಹೋಗುವ ಮೂವರನ್ನು ಕುರಿತಲ್ಲ. ಉಳಿಯುವ ತೊಂಬತ್ತೇಳು ಮಂದಿಯನ್ನು ಕುರಿತು.

೨

ಮುಂದುವರಿಯುವ ಮೊದಲು ಹೆಸರಿನ ವಿಷಯವಾಗಿ ಒಂದೆರಡು ಮಾತು ಅವಶ್ಯಕ. ವರ್ಚುವಲ್ ಎಂಬ ಪದವನ್ನು ಭೌತವಿಜ್ಞಾನದ ಕನ್ನಡ ಪಠ್ಯಪುಸ್ತಕಗಳು "ಮಿಥ್ಯಾ" ಎಂದು ತರ್ಜುಮೆ ಮಾಡಿಕೊಂಡಿವೆ. ಕನ್ನಡಿಯಲ್ಲಿ ಕಾಣುವುದು ಮಿಥ್ಯಾಬಿಂಬ. ಅದು ಕನ್ನಡಿಯ ಹಿಂದೆ ಇರುವಂತೆ ತೋರುತ್ತದೆ. ಆದರೆ ಅಲ್ಲಿ ಬೆಳಕಿನ ಕಿರಣಗಳು ಒಂದೆಡೆ ಸೇರುವುದಿಲ್ಲ. ಅಲ್ಲೊಂದು ತೆರೆಯನ್ನು ಹಿಡಿದರೆ ಅದರ ಮೇಲೆ ಬಿಂಬ ಮೂಡುವುದಿಲ್ಲ. ಹಾಗೆಂದು ಆ ಬಿಂಬ ಸುಳ್ಳೆ? ಅದನ್ನು ನಂಬಿಯೇ ನಾವು ತಲೆ ಬಾಚಿಕೊಳ್ಳುತ್ತೇವೆ, ಹಣೆಗೆ ಕುಂಕುಮವಿಡುತ್ತೇವೆ, ಕೆಲಸವೇನೂ ಕೆಡುವುದಿಲ್ಲ. ವೇದಾಂತಿಗಳೂ ಮಿಥ್ಯೆಯೆಂದರೆ ಇಲ್ಲದ್ದು ಎಂದು ಹೇಳಲಿಲ್ಲ. ಹಗ್ಗದಲ್ಲಿ ಕಂಡ ಹಾವು ಕಚ್ಚಲಾರದು. ಆದರೆ ಕಂಡವನಿಗೆ ಬಂದ ನಡುಕ ನಿಜವಾದುದೇ. ಈ ಎರಡು ನಿದರ್ಶನಗಳೂ ನಮ್ಮ ವಿಷಯಕ್ಕೆ ಹೊಂದುತ್ತವೆ. ಮಿಥ್ಯಾಪ್ರವಾಸದಲ್ಲಿ ಪ್ರವಾಸವು ನಡೆಯುವುದಿಲ್ಲ. ಆದರೆ ಪ್ರವಾಸದ ಕೆಲವು ಪರಿಣಾಮಗಳು ನಿಜವಾಗಿಯೇ ಆಗಬಹುದು. ಯಾವ ಪರಿಣಾಮಗಳು ಎಂಬುದೇ ವಿಚಾರಣೀಯ.

ಈ ವಿಚಾರಕ್ಕೆ ಮೊದಲ ಅಡ್ಡಿಯೆಂದರೆ ಒಂದೇ ಹೆಸರಿನಡಿಯಲ್ಲಿ ಹಲವು ವಸ್ತುಗಳು ಸೇರಿಹೋಗಿರುವುದು. ಪರದೇಶಕ್ಕೆ ಹೋದ ವಿದ್ಯಾರ್ಥಿ ಅಲ್ಲಿ ಮುಖ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತಾನೆ: ನೋಡುತ್ತಾನೆ, ಜನರನ್ನು ಸಂಧಿಸುತ್ತಾನೆ, ಬಾಳುತ್ತಾನೆ. ನೋಟ, ಭೇಟಿ, ವಾಸ ಎಂಬ ಈ ಮೂರನ್ನೂ ಬಿಡಿಬಿಡಿಯಾಗಿ ಪರಿಶೀಲಿಸಿದರೆ ಬದಲಾಗಬಲ್ಲುದು ಯಾವುದು, ಆಗಲಾರದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

೩

ನೋಟದ ಪ್ರವಾಸ ಹೊಸದೇನೂ ಅಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ೧೭೮೭ರಲ್ಲಿ ವರ್ತುಲಾಕಾರದ ಬೃಹತ್ ಚಿತ್ರಗಳಿಗೆ ಇಂಗ್ಲೆಂಡಿನಲ್ಲಿ ಸ್ವಾಮ್ಯಪತ್ರವನ್ನು ಪಡೆದನು. ಪನೋರಮ ಎಂದು ಹೆಸರಾದ ಈ ಚಿತ್ರಗಳ ನಡುವೆ ನಿಂತ ಪ್ರೇಕ್ಷಕನಿಗೆ ತಾನು ದೂರದ ಊರಿನಲ್ಲಿಯೇ ನಿಂತಿರುವೆನೆಂಬ ಭ್ರಮೆಯುಂಟಾಗುತ್ತಿತ್ತು. ನಮ್ಮ ನಾಡಿಗೂ ಈ ಕಲೆಗೂ ಒಂದು ನೇರವಾದ ಸಂಬಂಧವುಂಟು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಗಿ, ಟಿಪ್ಪು ಸುಲ್ತಾನನು ಮಡಿದನಷ್ಟೆ. ಮರುವರ್ಷವೇ, ಎಂದರೆ ೧೮೦೦ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಆ ಕೋಟೆಯ ಮುತ್ತಿಗೆಯನ್ನು ೧೦೦ ಅಡಿಗೂ ಮೀರಿದ ಉದ್ದದ ಅರ್ಧವರ್ತುಲಾಕಾರದ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂ ಭವನದಲ್ಲಿ ಪ್ರದರ್ಶಿಸಿದನು. ಜನ ಹಣ ತೆತ್ತು, ಗುಂಪುಗುಂಪಾಗಿ ಬಂದು ನೋಡಿದರು. ಕಾವೇರಿಯನ್ನೇ ಕಾಣದ ಚಿತ್ರಕಾರ, ಕಾವೇರಿಯನ್ನೇ ಕಾಣದ ಪ್ರೇಕ್ಷಕರು! ಅವರು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದಂತೆ ಭಾವಿಸಿರಬೇಕು. ಆದರೆ ಅವರು ಹೋದದ್ದು ಗೆದ್ದವರ ಕಣ್ಣಿನೊಳಕ್ಕೆ. ಕೋಟೆಯೊಳಗಿದ್ದವರಿಗೆ ಆ ದಿನ ಹೇಗಿತ್ತೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಈ ನೋಟ ಮನೆಯೊಳಕ್ಕೇ ಬಂದಿತು. ಚಾರ್ಲ್ಸ್ ವ್ಹೀಟ್‌ಸ್ಟನ್ ೧೮೩೮ರಲ್ಲಿ ಸ್ಟೀರಿಯೋಸ್ಕೋಪಿನ ತತ್ತ್ವವನ್ನು ವಿವರಿಸಿದನು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನಗಳಿಂದ ಕಾಣುತ್ತವೆ. ಆ ಎರಡು ನೋಟಗಳನ್ನು ಮನಸ್ಸು ಒಂದುಗೂಡಿಸಿದಾಗ ಆಳದ ಅರಿವುಂಟಾಗುತ್ತದೆ. ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಚಪ್ಪಟೆಯಾದ ಕಾಗದವೂ ಆಳವುಳ್ಳ ದೃಶ್ಯವಾಗುತ್ತದೆ. ಇಂದು ತಲೆಗೆ ಕಟ್ಟಿಕೊಂಡು ನೋಡುವ ಮಿಥ್ಯಾದರ್ಶನದ ಸಾಧನವೂ ಇದೇ ತತ್ತ್ವದ ಮೇಲೆ ನಿಂತಿದೆ. ತಲೆ ತಿರುಗಿದಂತೆ ಚಿತ್ರವೂ ತಿರುಗುವುದೊಂದೇ ಅದರ ಹೆಚ್ಚಳ. ೨೦ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಅಂಡರ್‌ವುಡ್ ಸಂಸ್ಥೆ ಒಂದೊಂದು ದೇಶಕ್ಕೂ ಒಂದೊಂದು ಪೆಟ್ಟಿಗೆಯಂತೆ ಚಿತ್ರಗಳನ್ನು ಮಾರುತ್ತಿತ್ತು. ಜೊತೆಗೆ ಕೈಪಿಡಿಯೂ ಭೂಪಟವೂ ಇರುತ್ತಿದ್ದವು. ಯಾವ ಸ್ಥಳದಲ್ಲಿ ನಿಂತು ಯಾವ ದಿಕ್ಕಿಗೆ ನೋಡುತ್ತಿರುವೆವೆಂಬುದನ್ನು ವಾಚಕನು ಭೂಪಟದಲ್ಲಿ ಗುರುತಿಸಿಕೊಳ್ಳಬೇಕಾಗಿತ್ತು. ೧೯೭೮ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಆಸ್ಪೆನ್ ಎಂಬ ಊರಿನ ಬೀದಿಗಳನ್ನು ಅಡಿಗಡಿಗೆ ಚಿತ್ರಿಸಿ, ನೋಡುವವನು ತಾನು ಬಯಸಿದ ಕಡೆಗೆ ತಿರುಗುವಂತೆ ಏರ್ಪಡಿಸಿದರು. ಇದರ ವಿಸ್ತಾರವಾದ ರೂಪವೇ ಗೂಗಲ್ ಸಂಸ್ಥೆ ೨೦೦೭ರಲ್ಲಿ ಆರಂಭಿಸಿದ ಬೀದಿನೋಟ.

ಈ ಚರಿತ್ರೆಯಿಂದ ಎರಡು ಅಂಶಗಳು ಹೊರಪಡುತ್ತವೆ. ಮೊದಲನೆಯದು, ನೋಟದ ಪ್ರವಾಸದಲ್ಲಿ ಯಾವ ಊರು ಕಾಣಬೇಕು, ಎಲ್ಲಿಂದ ಕಾಣಬೇಕು ಎಂಬುದನ್ನು ಇನ್ನಾರೋ ನಿಶ್ಚಯಿಸಿರುತ್ತಾರೆ. ಬೀದಿನೋಟ ೨೦೦೭ರಲ್ಲಿಯೇ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳನ್ನು ತೆರೆದಿಟ್ಟಿತು. ಬೆಂಗಳೂರಿನಲ್ಲಿ ೨೦೧೧ರಲ್ಲಿ ಆರಂಭವಾದ ಚಿತ್ರಣ ಪೊಲೀಸರ ಆಕ್ಷೇಪದಿಂದ ಆ ವರ್ಷವೇ ನಿಂತುಹೋಯಿತು. ೨೦೨೨ರಲ್ಲಿ ಬೆಂಗಳೂರು ಸೇರಿದಂತೆ ಭಾರತದ ೧೦ ನಗರಗಳಲ್ಲಿ ಅದು ಬಳಕೆಗೆ ಬಂದಿತು. ಅಂತೂ ಬಹು ವರ್ಷಗಳ ಕಾಲ ಇಲ್ಲಿಯ ವಿದ್ಯಾರ್ಥಿ ಅಲ್ಲಿಯ ಓಣಿಯಲ್ಲಿ ಅಡ್ಡಾಡಬಹುದಾಗಿತ್ತು. ಅಲ್ಲಿಯವನಿಗೆ ಇಲ್ಲಿಯ ಓಣಿ ಮುಚ್ಚಿತ್ತು. ಎರಡನೆಯದು, ಈ ಸಾಧನಗಳು ವ್ಯಾಪಾರಸಂಸ್ಥೆಗಳ ಕೈಯಲ್ಲಿರುವಂಥವು. ಶಾಲೆಗಳಿಗಾಗಿ ಗೂಗಲ್ ಸಂಸ್ಥೆ ೨೦೧೫ರಲ್ಲಿ ಹೊರತಂದ ಮಿಥ್ಯಾಪ್ರವಾಸದ ಯೋಜನೆ ೨೦೨೧ರಲ್ಲಿ ನಿಂತುಹೋಯಿತು. ಅದನ್ನೇ ನೆಚ್ಚಿ ಪಾಠಕ್ರಮವನ್ನು ರಚಿಸಿಕೊಂಡಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಹಾಗಾದರೆ ನೋಟದ ಪ್ರವಾಸ ನಿಷ್ಪ್ರಯೋಜಕವೆ? ಹಾಗೇನೂ ಇಲ್ಲ. ವಾಸ್ತುಶಿಲ್ಪ, ಭೂಗೋಳ, ಪ್ರಾಕ್ತನಶಾಸ್ತ್ರಗಳ ಅಧ್ಯಯನಕ್ಕೆ ಇದು ದೊಡ್ಡ ಉಪಕಾರ. ಹತ್ತಿರ ಹೋಗಿ ನೋಡಲು ಸಾಧ್ಯವಾಗದ ಗೋಪುರದ ತುದಿಯ ಶಿಲ್ಪವನ್ನು ಪರದೆಯ ಮೇಲೆ ಪ್ರತ್ಯಕ್ಷಕ್ಕಿಂತ ಸ್ಪಷ್ಟವಾಗಿ ನೋಡಬಹುದು. ಆದರೆ ಇದು ಕೋಶ ಓದುವುದರ ಇನ್ನೊಂದು ಬಗೆಯೆಂಬುದನ್ನು ಮರೆಯಲಾಗದು. ಶಿವರಾಮ ಕಾರಂತರ "ಅಪೂರ್ವ ಪಶ್ಚಿಮ"ವನ್ನೋ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ "ಅಮೆರಿಕದಲ್ಲಿ ಗೊರೂರು" ಎಂಬ ಗ್ರಂಥವನ್ನೋ ಓದಿದ ಕನ್ನಡಿಗನಿಗೆ ಪರದೇಶದ ಜೊತೆಗೆ ಒಬ್ಬ ನೋಡುಗನ ಮನಸ್ಸೂ ದೊರೆಯುತ್ತಿತ್ತು. ಬರಿಯ ಬೀದಿನೋಟದಲ್ಲಿ ಆ ಮನಸ್ಸು ಇಲ್ಲ. ನಾವು ಪ್ರಶ್ನೆ ಕೇಳಿದರೆ ಬೀದಿ ಉತ್ತರಿಸುವುದಿಲ್ಲ.

೪

ಉತ್ತರ ಬರುವುದು ಭೇಟಿಯಲ್ಲಿ. ಮಿಥ್ಯಾಪ್ರವಾಸದ ಎರಡನೆಯ ಬಗೆಯಾದ ಇದನ್ನು ಶಿಕ್ಷಣತಜ್ಞರು ವರ್ಚುವಲ್ ವಿನಿಮಯವೆಂದು ಕರೆಯುತ್ತಾರೆ. ಇದರ ಸ್ವರೂಪವನ್ನು ತಿಳಿಯಲು ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ನೋಡಬಹುದು.

೧೯೯೭ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫ್ರೆಂಚ್ ಬೋಧಿಸುತ್ತಿದ್ದ ಜಿಲ್ಬೆರ್ತ್ ಫುರ್‌ಸ್ಟೆನ್‌ಬರ್ಗ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ "ಕಲ್ಚುರಾ" ಎಂಬ ಯೋಜನೆಯನ್ನು ಆರಂಭಿಸಿದರು. ಒಂದು ಕಡೆ ಫ್ರೆಂಚ್ ಕಲಿಯುವ ಅಮೆರಿಕದ ವಿದ್ಯಾರ್ಥಿಗಳು. ಇನ್ನೊಂದು ಕಡೆ ಇಂಗ್ಲಿಷ್ ಕಲಿಯುವ ಫ್ರಾನ್ಸಿನ ವಿದ್ಯಾರ್ಥಿಗಳು. ಎರಡೂ ಗುಂಪುಗಳಿಗೆ ಒಂದೇ ಪ್ರಶ್ನಾವಳಿಯನ್ನು ಕೊಡಲಾಯಿತು. ಅದರಲ್ಲಿ ಮೂರು ಭಾಗಗಳಿದ್ದವು. ಮೊದಲನೆಯ ಭಾಗದಲ್ಲಿ ಒಂದೊಂದು ಪದ ಕೊಟ್ಟು, ಅದನ್ನು ಕೇಳಿದೊಡನೆ ಮನಸ್ಸಿಗೆ ಬರುವ ಇತರ ಪದಗಳನ್ನು ಬರೆಯುವುದು. ಎರಡನೆಯದರಲ್ಲಿ "ಒಳ್ಳೆಯ ನೆರೆಯವನೆಂದರೆ" ಎಂಬಂತಹ ಅರ್ಧ ವಾಕ್ಯಗಳನ್ನು ಪೂರ್ತಿಗೊಳಿಸುವುದು. ಮೂರನೆಯದರಲ್ಲಿ, ಸಾಲಿನಲ್ಲಿ ನಿಂತಿರುವಾಗ ಒಬ್ಬ ನಡುವೆ ನುಗ್ಗಿದರೆ ಏನು ಮಾಡುವಿರಿ ಎಂಬಂತಹ ಸನ್ನಿವೇಶಗಳಿಗೆ ಪ್ರತಿಕ್ರಿಯೆಯನ್ನು ತಿಳಿಸುವುದು. ಎರಡು ಗುಂಪಿನ ಉತ್ತರಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ಇಬ್ಬರಿಗೂ ತೋರಿಸಲಾಯಿತು. ಅನಂತರ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ತಮ್ಮ ಉತ್ತರಗಳನ್ನು ವಿವರಿಸುತ್ತ ವಾರಗಟ್ಟಲೆ ಪತ್ರವ್ಯವಹಾರ ಮಾಡಿದರು.

ಫಲವೇನು? ವ್ಯಕ್ತಿವಾದ ಎಂಬ ಅರ್ಥದ ಪದವನ್ನು ತೆಗೆದುಕೊಳ್ಳೋಣ. ಎರಡು ಭಾಷೆಗಳಲ್ಲಿಯೂ ಪದ ಹೆಚ್ಚು ಕಡಿಮೆ ಒಂದೇ. ನಿಘಂಟು ಇದಕ್ಕದು ಸಮ ಎಂದೇ ಹೇಳುತ್ತದೆ. ಆದರೆ ಅಮೆರಿಕದ ವಿದ್ಯಾರ್ಥಿಗಳು ಅದರೊಡನೆ ಸ್ವಾತಂತ್ರ್ಯ, ಸ್ವಂತಿಕೆ ಮುಂತಾದ ಮೆಚ್ಚುಗೆಯ ಪದಗಳನ್ನು ಜೋಡಿಸಿದರು. ಫ್ರಾನ್ಸಿನವರು ಸ್ವಾರ್ಥವನ್ನು ಜೋಡಿಸಿದರು. ಒಂದೇ ಪದ ಒಬ್ಬರಿಗೆ ಗುಣ, ಇನ್ನೊಬ್ಬರಿಗೆ ದೋಷ! ಪ್ಯಾರಿಸ್ಸಿನ ಗೋಪುರವನ್ನು ಎಷ್ಟು ಬಾರಿ ನೋಡಿದರೂ ಈ ಸಂಗತಿ ತಿಳಿಯುವಂತಿಲ್ಲ. ಆರು ತಿಂಗಳು ಆ ನಗರದಲ್ಲಿ ವಾಸ ಮಾಡಿದವನಿಗೂ ಇದು ಇಷ್ಟು ನಿಚ್ಚಳವಾಗಿ ಹೊಳೆಯುವುದು ದುರ್ಲಭ; ಏಕೆಂದರೆ ಬಾಳಿನಲ್ಲಿ ಎರಡು ಉತ್ತರಗಳು ಅಕ್ಕಪಕ್ಕದಲ್ಲಿ ಬಂದು ನಿಲ್ಲುವುದಿಲ್ಲ.

ಈ ಯೋಜನೆಯ ಇನ್ನೊಂದು ನಿಯಮ ನಮಗೆ ಬಹು ಮುಖ್ಯವಾದುದು. ವಿದ್ಯಾರ್ಥಿಗಳು ಕಲಿಯುತ್ತಿದ್ದ ಭಾಷೆಯಲ್ಲಿ ಬರೆಯದೆ ಅವರವರ ಭಾಷೆಯಲ್ಲಿಯೇ ಬರೆದರು. ಎದುರಿನವರ ಭಾಷೆಯನ್ನು ಓದಿದರು. ಇದರಿಂದ ಎರಡು ಲಾಭಗಳಾದವು. ಭಾಷೆ ಬಾರದೆಂಬ ಸಂಕೋಚದಿಂದ ಯಾರೂ ತಮ್ಮ ವಿಚಾರವನ್ನು ಕುಗ್ಗಿಸಿ ಹೇಳಬೇಕಾಗಲಿಲ್ಲ. ಮತ್ತು ಪ್ರತಿಯೊಬ್ಬನಿಗೂ ಎದುರಿನವನ ಸಹಜವಾದ ಭಾಷೆ ಓದಲು ದೊರೆಯಿತು.

ಭಾಷಾಪಾಠವನ್ನು ಬಿಟ್ಟು ಇತರ ವಿಷಯಗಳಿಗೂ ಈ ವಿಧಾನ ಹಬ್ಬಿತು. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಕಲೆಯ ಅಧ್ಯಾಪಕರಾಗಿದ್ದ ಜಾನ್ ರೂಬಿನ್ ಅವರು ೨೦೦೬ರಲ್ಲಿ ಸಹಕಾರಿ ಅಂತರರಾಷ್ಟ್ರೀಯ ಕಲಿಕೆಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಇಲ್ಲಿಯ ಕ್ರಮ ಸರಳವಾದುದು. ಎರಡು ದೇಶಗಳ ಇಬ್ಬರು ಅಧ್ಯಾಪಕರು ತಮ್ಮ ತಮ್ಮ ಪಾಠಕ್ರಮದ ಒಂದು ಭಾಗವನ್ನು ಕೂಡಿ ರಚಿಸುತ್ತಾರೆ; ಎರಡು ಕಡೆಯ ವಿದ್ಯಾರ್ಥಿಗಳು ಸಣ್ಣ ಸಣ್ಣ ಗುಂಪುಗಳಾಗಿ ಕೆಲವು ವಾರಗಳ ಕಾಲ ಒಂದು ಕೆಲಸವನ್ನು ಒಟ್ಟಾಗಿ ಮಾಡುತ್ತಾರೆ; ಶುಲ್ಕ, ಹಾಜರಿ, ಪರೀಕ್ಷೆಗಳೆಲ್ಲ ಅವರವರ ಕಾಲೇಜಿನಲ್ಲಿಯೇ. ಯೂರೋಪಿನಲ್ಲಿ ಎರಾಸ್ಮಸ್ ಯೋಜನೆ ೧೯೮೭ರಲ್ಲಿ ೧೧ ದೇಶಗಳ ೩,೨೪೪ ವಿದ್ಯಾರ್ಥಿಗಳ ಓಡಾಟದಿಂದ ಆರಂಭವಾದುದು. ಅದೇ ಯೋಜನೆ ೨೦೧೮ರಲ್ಲಿ ತನ್ನ ವರ್ಚುವಲ್ ವಿನಿಮಯವನ್ನೂ ಆರಂಭಿಸಿತು.

ಇಂತಹ ಏರ್ಪಾಟಿನಲ್ಲಿ ಫಲ ಬರುವುದಕ್ಕೆ ಕಾರಣವನ್ನು ಮನಶ್ಶಾಸ್ತ್ರಜ್ಞನಾದ ಗೋರ್ಡನ್ ಆಲ್‌ಪೋರ್ಟ್ ೧೯೫೪ರಷ್ಟು ಹಿಂದೆಯೇ ಸೂಚಿಸಿದ್ದನು. ಭಿನ್ನ ಜನಾಂಗಗಳು ಬರಿದೆ ಒಂದೆಡೆ ಇದ್ದ ಮಾತ್ರಕ್ಕೆ ಪೂರ್ವಗ್ರಹಗಳು ಅಳಿಯುವುದಿಲ್ಲ. ಸಮಾನವಾದ ಸ್ಥಾನ, ಸಮಾನವಾದ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ ಇವು ನಾಲ್ಕೂ ಇದ್ದಾಗ ಸಂಪರ್ಕವು ಫಲಕಾರಿಯಾಗುತ್ತದೆ ಎಂಬುದು ಅವನ ಸಿದ್ಧಾಂತ. ಪರದೇಶಕ್ಕೆ ಹೋದ ವಿದ್ಯಾರ್ಥಿಗೆ ಈ ನಾಲ್ಕೂ ದೊರೆಯುವುವೆಂಬ ಭರವಸೆಯಿಲ್ಲ. ತನ್ನ ಊರಿನವರೊಡನೆಯೇ ಕೊಠಡಿ ಹಿಡಿದು, ತನ್ನ ಊರಿನ ಅಡಿಗೆಯನ್ನೇ ಉಂಡು, ಆ ನಾಡಿನ ಒಂದು ಮನೆಯ ಹೊಸ್ತಿಲನ್ನೂ ದಾಟದೆ ಹಿಂದಿರುಗುವವರುಂಟು. ಚೆನ್ನಾಗಿ ಏರ್ಪಡಿಸಿದ ವಿನಿಮಯದಲ್ಲಿಯಾದರೋ ಈ ನಾಲ್ಕನ್ನೂ ಅಧ್ಯಾಪಕನು ಮೊದಲೇ ಕಲ್ಪಿಸಿಕೊಡಬಹುದು. ಆದಕಾರಣ ಭೇಟಿಯ ಅಂಶದಲ್ಲಿ ಮಿಥ್ಯಾಪ್ರವಾಸವು ನಿಜಪ್ರವಾಸಕ್ಕೆ ಬದಲಾಗಬಲ್ಲುದೆಂದೂ, ಕೆಲವೊಮ್ಮೆ ಅದನ್ನು ಮೀರಬಲ್ಲುದೆಂದೂ ಹೇಳಬಹುದು.

೫

ಆದರೆ "ಚೆನ್ನಾಗಿ ಏರ್ಪಡಿಸಿದ" ಎಂಬ ವಿಶೇಷಣವನ್ನು ಲಘುವಾಗಿ ಎಣಿಸಬಾರದು. ಜರ್ಮನಿ ಮತ್ತು ಅಮೆರಿಕದ ವಿದ್ಯಾರ್ಥಿಗಳ ನಡುವಣ ವಿನಿಮಯವೊಂದನ್ನು ಪರಿಶೀಲಿಸಿ ಪೇಜ್ ವೇರ್ ೨೦೦೫ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಬೋಧಪ್ರದವಾದುದು. ಅಲ್ಲಿ ಜಗಳವೇನೂ ಆಗಲಿಲ್ಲ. ಭೇಟಿಯೇ ಆಗದೆ ಹೋದ ಸಂದರ್ಭಗಳಿದ್ದವು. ಎರಡು ಕಡೆಯವರ ನಿರೀಕ್ಷೆಗಳು, ಈ ಕೆಲಸಕ್ಕೆ ಅವರು ಕೊಡುತ್ತಿದ್ದ ವೇಳೆ, ಅವರ ಉತ್ಸಾಹ ಇವು ಬೇರೆ ಬೇರೆಯಾಗಿದ್ದುದೇ ಅದಕ್ಕೆ ಕಾರಣ. ಮೌನವನ್ನು ಕಂಡ ವಿದ್ಯಾರ್ಥಿ ಅದನ್ನು ಒಬ್ಬ ವ್ಯಕ್ತಿಯ ಅನಾನುಕೂಲವೆಂದು ತಿಳಿಯುವುದಿಲ್ಲ. "ಆ ದೇಶದವರೇ ಹೀಗೆ" ಎಂದು ತಿಳಿಯುತ್ತಾನೆ. ಪೂರ್ವಗ್ರಹವನ್ನು ಅಳಿಸಲು ಮಾಡಿದ ಏರ್ಪಾಟು ಅದನ್ನು ಬೆಳೆಸಿದಂತಾಗುತ್ತದೆ.

ತೊಡಕುಗಳು ಎಷ್ಟೋ ವೇಳೆ ಬಹಳ ಸಾಮಾನ್ಯವಾದವು. ಭಾರತಕ್ಕೂ ನ್ಯೂಯಾರ್ಕಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಗೆಯಲ್ಲಿ ಒಂಬತ್ತೂವರೆ ಗಂಟೆಯ ಅಂತರವಿದೆ. ಇಲ್ಲಿ ಸಂಜೆ ೭ ಆದಾಗ ಅಲ್ಲಿ ಬೆಳಗಿನ ೮-೩೦ ಅಥವಾ ೯-೩೦. ಸಂಜೆ ಐದೂವರೆಯ ಬಸ್ಸು ಹಿಡಿದು ಹಳ್ಳಿಗೆ ಹಿಂದಿರುಗಬೇಕಾದ ವಿದ್ಯಾರ್ಥಿನಿಗೆ ಈ ಏರ್ಪಾಟಿನಿಂದ ಪ್ರಯೋಜನವಿಲ್ಲ. ಜರ್ಮನಿಯ ಅಂತರವಾದರೆ ನಾಲ್ಕೂವರೆ ಅಥವಾ ಮೂರೂವರೆ ಗಂಟೆ. ಇಲ್ಲಿಯ ಮಧ್ಯಾಹ್ನ ಅಲ್ಲಿಯ ಬೆಳಗಾಗಿ ಎರಡೂ ಕಾಲೇಜಿನ ವೇಳೆಯೊಳಗೇ ಬರುತ್ತವೆ. ಆದರೆ ಅಲ್ಲಿ ಚಳಿಗಾಲದ ಪಾಠಾವಧಿ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ ನಮ್ಮ ಪಾಠಾವಧಿಗೂ ಅದಕ್ಕೂ ಕೂಡುವ ವಾರಗಳನ್ನು ಲೆಕ್ಕ ಹಾಕಿ ಆರಿಸಬೇಕಾಗುತ್ತದೆ. ಒಂದು ಕಡೆ ಅಂಕಗಳಿಗಾಗಿ ದುಡಿಯುತ್ತಿದ್ದು ಇನ್ನೊಂದು ಕಡೆ ಅದು ಕೇವಲ ಹವ್ಯಾಸವಾಗಿದ್ದರೂ ಕೆಲಸ ಕೆಡುತ್ತದೆ.

ಭಾಷೆಯ ತೊಡಕು ಇವುಗಳಿಗಿಂತ ಆಳವಾದುದು. ಸಾಮಾನ್ಯವಾಗಿ ಇಂತಹ ವಿನಿಮಯಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಆಗ ಇಂಗ್ಲಿಷಿನಲ್ಲಿ ನುರಿತ ನಗರದ ವಿದ್ಯಾರ್ಥಿಯೇ ಕಾಲೇಜಿನ ಪರವಾಗಿ ಮಾತನಾಡುತ್ತಾನೆ. ಕನ್ನಡ ಮಾಧ್ಯಮದಿಂದ ಬಂದವನು, ಹೇಳಲು ಹೆಚ್ಚಿನ ವಿಷಯವಿದ್ದರೂ, ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ವಿದೇಶಕ್ಕೆ ಹೋಗಲಾರದವನಿಗಾಗಿ ಏರ್ಪಟ್ಟ ವಿಧಾನ, ಹೋಗಬಲ್ಲವನಿಗೇ ಮತ್ತೊಂದು ಅವಕಾಶವಾಗಿ ಪರಿಣಮಿಸುತ್ತದೆ. ಇದಕ್ಕೆ ಪರಿಹಾರ ಕಲ್ಚುರಾ ಯೋಜನೆಯ ನಿಯಮದಲ್ಲಿಯೇ ಇದೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಅಧ್ಯಯನದ ಅಂಗವಾಗಿ ಕನ್ನಡವನ್ನು ಕಲಿಸಿರುವರು. ಅಂತಹ ಒಂದು ತರಗತಿಗೂ ಇಲ್ಲಿ ಜರ್ಮನ್ ಕಲಿಯುವ ಒಂದು ತರಗತಿಗೂ ಈ ಮಾದರಿಯಲ್ಲಿ ಸಂಬಂಧ ಕಲ್ಪಿಸಿದರೆ ಕನ್ನಡದಲ್ಲಿ ಬರೆಯುವುದು ಕೊರತೆಯಾಗುವುದಕ್ಕೆ ಬದಲು ಕೊಡುಗೆಯಾಗುತ್ತದೆ. "ಮರ್ಯಾದೆ" ಎಂಬ ಒಂದು ಪದವನ್ನೇ ಕೊಟ್ಟು ನೋಡಬಹುದು. ಗೌರವ, ಎಲ್ಲೆ, ಮಾನ, ನಡತೆ ಎಂಬ ಅದರ ಅರ್ಥಗಳನ್ನು ಒಂದು ಜರ್ಮನ್ ಪದದಲ್ಲಿ ಹಿಡಿಯಲಾಗದೆಂದು ಕಂಡಾಗ ಎರಡು ಕಡೆಯವರೂ ಏನನ್ನೋ ಕಲಿತಿರುತ್ತಾರೆ.

೬

ಮೂರನೆಯದಾದ ವಾಸದ ವಿಷಯ ಉಳಿಯಿತು. ಇಲ್ಲಿ ಮಿಥ್ಯಾಪ್ರವಾಸವು ಬದಲಾಗಲಾರದೆಂಬುದೇ ನಮ್ಮ ಅಭಿಪ್ರಾಯ. ಕಾರಣ ಒಂದೇ: ಪರದೆಯನ್ನು ಆರಿಸಬಹುದು, ಪರದೇಶವನ್ನು ಆರಿಸಲಾಗುವುದಿಲ್ಲ. ಪರಸ್ಥಳದಲ್ಲಿ ಬಾಳುವವನು ಬೇಸರವಾದರೂ ಅಲ್ಲಿಯೇ ಇರಬೇಕು. ಉಪ್ಪು ಕೊಳ್ಳಲು, ಬಾಡಿಗೆ ಮಾತನಾಡಲು, ಜ್ವರ ಬಂದಾಗ ವೈದ್ಯನಿಗೆ ನೋವನ್ನು ತಿಳಿಸಲು ಆ ಭಾಷೆಯನ್ನೇ ಆಶ್ರಯಿಸಬೇಕು. ತನ್ನ ಊರಿನಲ್ಲಿ ಬಹುಸಂಖ್ಯಾತನಾಗಿದ್ದವನು ಅಲ್ಲಿ ಅಲ್ಪಸಂಖ್ಯಾತನಾಗುತ್ತಾನೆ. ಮನೆತನದ ಹೆಸರು, ಜಾತಿ, ತಂದೆಯ ಅಧಿಕಾರ ಯಾವುದೂ ಅಲ್ಲಿ ಅವನನ್ನು ಪರಿಚಯಿಸುವುದಿಲ್ಲ. ಅಪರಿಚಿತರ ದಯೆಯನ್ನು ನಂಬಿ ಬಾಳುವ ಈ ಅನುಭವ ವಿದೇಶ ವ್ಯಾಸಂಗದ ತಿರುಳು. ವಿನಿಮಯದಲ್ಲಿ ಎಲ್ಲವೂ ಮೊದಲೇ ಗೊತ್ತುಪಡಿಸಿದ್ದು; ವಾಸದಲ್ಲಿ ಮುಖ್ಯವಾದುದೆಲ್ಲ ಗೊತ್ತುಪಡಿಸದೆ ಬರುವಂಥದು. ಜೊತೆಗೆ ಪ್ರಯೋಗಾಲಯ, ಹಸ್ತಪ್ರತಿ ಭಂಡಾರ, ಚಿಕಿತ್ಸಾಲಯಗಳಲ್ಲಿ ಕೈಯಿಂದ ಕಲಿಯಬೇಕಾದ ವಿದ್ಯೆಗಳಿವೆ. ಅವನ್ನು ಪರದೆಯ ಮೂಲಕ ನೋಡಬಹುದೇ ಹೊರತು ರೂಢಿಸಿಕೊಳ್ಳಲಾಗದು.

ಈ ಭೇದವನ್ನು ಕಾಲವೇ ಒಮ್ಮೆ ಪರೀಕ್ಷಿಸಿತು. ೨೦೨೦ರ ಸಾಂಕ್ರಾಮಿಕದಲ್ಲಿ ಗಡಿಗಳು ಮುಚ್ಚಿದವು. ಪದವಿಗೆ ಸಲ್ಲುವಂತೆ ಪರದೇಶದಲ್ಲಿ ಓದಿದ ಅಮೆರಿಕದ ವಿದ್ಯಾರ್ಥಿಗಳು ೨೦೧೮-೧೯ರಲ್ಲಿ ಸುಮಾರು ೩ ಲಕ್ಷ ೪೭ ಸಾವಿರ ಇದ್ದರು. ೨೦೨೦-೨೧ರಲ್ಲಿ ಅವರ ಸಂಖ್ಯೆ ೧೫ ಸಾವಿರಕ್ಕಿಂತ ಕೆಳಗಿಳಿಯಿತು. ಆ ಅವಧಿಯಲ್ಲಿ ಅನೇಕ ವಿಶ್ವವಿದ್ಯಾಲಯಗಳು ವರ್ಚುವಲ್ ವಿನಿಮಯವನ್ನು ಕೈಗೊಂಡವು. ಪರದೆ ಸಂಪೂರ್ಣವಾಗಿ ಬದಲಾಗಬಲ್ಲದ್ದಾಗಿದ್ದರೆ ಗಡಿಗಳು ತೆರೆದ ಮೇಲೆ ಯಾರೂ ಹೊರಡಬೇಕಾಗಿರಲಿಲ್ಲ. ಆದರೆ ವಿದ್ಯಾರ್ಥಿಗಳು ಮತ್ತೆ ದೊಡ್ಡ ಸಂಖ್ಯೆಯಲ್ಲಿ ಹೊರಟರು. ಅದರೊಡನೆ ವಿನಿಮಯಗಳೂ ನಿಲ್ಲಲಿಲ್ಲ. ಎರಡೂ ಉಳಿದುಕೊಂಡುದರಿಂದ ಎರಡಕ್ಕೂ ಬೇರೆ ಬೇರೆ ಪ್ರಯೋಜನವಿದೆಯೆಂದು ಊಹಿಸುವುದು ತಪ್ಪಾಗಲಾರದು. ಯೂರೋಪಿನವರು ೨೦೨೧ರಿಂದ ಇವೆರಡನ್ನೂ ಬೆಸೆದು, ೫ ರಿಂದ ೩೦ ದಿನಗಳ ನಿಜವಾಸವನ್ನೂ ಕಡ್ಡಾಯವಾದ ವರ್ಚುವಲ್ ಭಾಗವನ್ನೂ ಕೂಡಿಸಿದ ಕಿರುಪಾಠಕ್ರಮಗಳನ್ನು ಏರ್ಪಡಿಸಿದ್ದಾರೆ. ದೀರ್ಘಕಾಲ ಮನೆ ಬಿಡಲಾಗದವರಿಗೆ ಇದೊಂದು ಮಧ್ಯಮಮಾರ್ಗ.

೭

ಇಷ್ಟನ್ನು ಹೇಳಿದ ಮೇಲೆ ಇದರಲ್ಲಿ ಅಡಗಿರುವ ನ್ಯಾಯದ ಪ್ರಶ್ನೆಯನ್ನು ಎತ್ತದಿರಲಾಗದು. "ಬದಲು" ಎಂಬ ಪದಕ್ಕೆ ಎರಡು ಅಪಾಯಗಳಿವೆ. ಮಿಥ್ಯಾಪ್ರವಾಸವು ವಿದೇಶ ವ್ಯಾಸಂಗಕ್ಕೆ ಸಮವೆಂದು ಒಪ್ಪಿಬಿಟ್ಟರೆ, ಬಡ ವಿದ್ಯಾರ್ಥಿಗೆ ಪ್ರವಾಸವೇತನ ಕೇಳಿದಾಗ "ನಿನಗೆ ಪರದೆ ಇದೆಯಲ್ಲ" ಎಂಬ ಉತ್ತರ ಬರಬಹುದು. ಉಳ್ಳವರ ಮಕ್ಕಳಿಗೆ ದೇಶ, ಇಲ್ಲದವರ ಮಕ್ಕಳಿಗೆ ದೇಶದ ಚಿತ್ರ ಎಂಬ ಪಂಕ್ತಿಭೇದ ಏರ್ಪಡುತ್ತದೆ. ಹಾಗಲ್ಲದೆ, ಪರದೆಯ ಪಾಠ ಬರಿಯ ಆಟವೆಂದು ತಳ್ಳಿಬಿಟ್ಟರೆ, ತೊಂಬತ್ತೇಳು ಮಂದಿಗೆ ದೊರೆಯಬಹುದಾಗಿದ್ದ ಭೇಟಿಯೂ ತಪ್ಪುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ "ಮನೆಯಲ್ಲಿಯೇ ಅಂತರರಾಷ್ಟ್ರೀಕರಣ" ಎಂಬ ಗುರಿಯನ್ನು ಹೆಸರಿಸಿದೆ. ಈ ಗುರಿಯನ್ನು ಯಾವ ಅರ್ಥದಲ್ಲಿ ಆಚರಣೆಗೆ ತರುತ್ತೇವೆಂಬುದು ನಮ್ಮ ಕಾಲೇಜುಗಳ ಕೈಯಲ್ಲಿದೆ.

ಆದುದರಿಂದ ಅಧ್ಯಾಪಕರ ವಿಚಾರಕ್ಕೆ ಕೆಲವು ಸೂಚನೆಗಳನ್ನು ಮಾಡಬಹುದು. ಮೊದಲನೆಯದಾಗಿ, ವರ್ಚುವಲ್ ವಿನಿಮಯಕ್ಕೆ ಅದರ ಹೆಸರಿನಲ್ಲಿಯೇ ಅಂಕ ಕೊಡಬೇಕು; ವಿದೇಶ ವ್ಯಾಸಂಗವೆಂದು ಪ್ರಮಾಣಪತ್ರದಲ್ಲಿ ಬರೆಯುವುದು ವಿದ್ಯಾರ್ಥಿಗೂ ನೋಡುವವರಿಗೂ ಮಾಡುವ ವಂಚನೆ. ಎರಡನೆಯದಾಗಿ, ದೊಡ್ಡ ಯಂತ್ರಗಳಿಂದ ಆರಂಭಿಸಬೇಕಾಗಿಲ್ಲ. ಕಲ್ಚುರಾ ಯೋಜನೆ ನಡೆದದ್ದು ಬರೆಹದ ಮೂಲಕ. ಬರೆಹಕ್ಕೆ ದುಬಾರಿ ಸಾಧನವೂ ಬೇಡ, ಒಂದೇ ವೇಳೆಗೆ ಎರಡು ಕಡೆಯವರೂ ಎಚ್ಚರವಾಗಿರಬೇಕಾದ ಅಗತ್ಯವೂ ಇಲ್ಲ. ಸಂಜೆಯ ಬಸ್ಸನ್ನು ಹಿಡಿಯಬೇಕಾದ ವಿದ್ಯಾರ್ಥಿನಿಯೂ ಅದರಲ್ಲಿ ಭಾಗವಹಿಸಬಲ್ಲಳು. ಮೂರನೆಯದಾಗಿ, ಪ್ರಶ್ನೆಗಳನ್ನು ಎರಡು ಕಡೆಯ ಅಧ್ಯಾಪಕರೂ ಕೂಡಿ ಗೊತ್ತುಪಡಿಸಬೇಕು. ಒಂದೇ ಕಡೆಯವರು ಪ್ರಶ್ನೆ ಕೇಳಿ ಇನ್ನೊಂದು ಕಡೆಯವರು ಉತ್ತರಿಸುತ್ತ ಹೋದರೆ ಅದು ಪೋರ್ಟರನ ಚಿತ್ರಶಾಲೆಯೇ ಆಗುತ್ತದೆ; ಶ್ರೀರಂಗಪಟ್ಟಣ ಮತ್ತೊಮ್ಮೆ ನೋಡಿಸಿಕೊಳ್ಳುವ ವಸ್ತುವಾಗುತ್ತದೆ. ನಾಲ್ಕನೆಯದಾಗಿ, ಪರದೇಶಕ್ಕೆ ಹೋಗಬಲ್ಲವರಿಗೆ ಇದನ್ನು ಹೊರಡುವ ಮುನ್ನದ ಸಿದ್ಧತೆಯಾಗಿಯೂ, ಹೋಗಲಾರದವರಿಗೆ ಸ್ವತಂತ್ರವಾದ ಒಂದು ಕಲಿಕೆಯಾಗಿಯೂ ಏರ್ಪಡಿಸಿ, ಪ್ರವಾಸವೇತನಗಳ ಬೇಡಿಕೆಯನ್ನು ಸಡಿಲಗೊಳಿಸದಿರಬೇಕು.

ಒಟ್ಟಿನಲ್ಲಿ ನೋಟಕ್ಕೆ ಮಿಥ್ಯಾಪ್ರವಾಸವು ಒಳ್ಳೆಯ ಗ್ರಂಥದಷ್ಟು ಸಹಾಯಕ. ಭೇಟಿಗೆ ಅದು ನಿಜವಾದ ಬದಲು. ವಾಸಕ್ಕೆ ಅದು ಬದಲಲ್ಲ. ಕನ್ನಡಿಯ ಬಿಂಬವನ್ನು ನೋಡಿ ಹಣೆಗೆ ಕುಂಕುಮವನ್ನಿಡಬಹುದು. ಆ ಬಿಂಬದ ಕೈ ಹಿಡಿಯಲಾಗದು. ಗಾದೆಯ ಎರಡು ಪಾಠಗಳಲ್ಲಿ ಒಂದನ್ನು ಆರಿಸಬೇಕಾದ ಪ್ರಸಂಗ ಬಂದರೆ "ಸುತ್ತಬೇಕು, ಓದಬೇಕು" ಎಂಬ ಪಾಠವೇ ಗ್ರಾಹ್ಯವೆಂದು ತೋರುತ್ತದೆ. ಸುತ್ತಲಾರದವರ ಕೈಗೆ ಈಗ ಮಾತನಾಡುವ, ಮರುಪ್ರಶ್ನೆ ಕೇಳುವ ಒಂದು ಕೋಶ ಬಂದಿದೆ. ಅದನ್ನು ಅವರಿಗೆ ತೆರೆದುಕೊಡುವುದು ಅಧ್ಯಾಪಕರ ಕರ್ತವ್ಯ. ಅದನ್ನು ಕೊಟ್ಟೆವೆಂಬ ನೆವದಿಂದ ಅವರ ದಾರಿಯನ್ನು ಮುಚ್ಚದಿರುವುದೂ ಅಷ್ಟೇ ದೊಡ್ಡ ಕರ್ತವ್ಯ.